ಬಲಗುಂಡಿಯ ಪಟ್ಟಿ: ಆಗಮವೋ ಆದೇಶವೋ?

೧

ತರ್ಕ ವ್ಯಾಕರಣಗಳ ಪಾಠವನ್ನು ಆರಂಭಿಸಿದ ವಿದ್ಯಾರ್ಥಿಗೆ ಗುರುಗಳು ಹೇಳಿಕೊಡುವ ಹಳೆಯ ಉದಾಹರಣೆಯೊಂದುಂಟು. "ಸೈಂಧವವನ್ನು ತಾ" ಎಂದು ಯಜಮಾನನು ಸೇವಕನಿಗೆ ಆಜ್ಞಾಪಿಸುತ್ತಾನೆ. ಸೈಂಧವವೆಂದರೆ ಉಪ್ಪೂ ಹೌದು, ಸಿಂಧುದೇಶದ ಕುದುರೆಯೂ ಹೌದು. ಯಜಮಾನನು ಊಟಕ್ಕೆ ಕುಳಿತಿದ್ದರೆ ಸೇವಕನು ತರಬೇಕಾದುದು ಉಪ್ಪನ್ನು. ಪ್ರಯಾಣಸನ್ನದ್ಧನಾಗಿ ಬಾಗಿಲಲ್ಲಿ ನಿಂತಿದ್ದರೆ ಕುದುರೆಯನ್ನು. ಮಾತು ಎರಡು ಕಡೆಯೂ ಒಂದೇ. ಅದರ ಅರ್ಥವನ್ನು ನಿಶ್ಚಯಿಸತಕ್ಕದ್ದು ಪ್ರಕರಣ, ಎಂದರೆ ಸಂದರ್ಭ.

ಬೆಂಗಳೂರಿನ ಶಂಕರಪುರಂ ಬಡಾವಣೆಯಲ್ಲಿ ಈ ಉದಾಹರಣೆಯನ್ನು ನೆನೆಯುವುದು ಸಹಜವಾಗಿಯೇ ಇದೆ. ಅಲ್ಲಿಯ ಶಂಕರಮಠದ ಪರಿಸರಕ್ಕೆ ಶಾಸ್ತ್ರದ ಪರಿಭಾಷೆ ಹೊಸದಲ್ಲ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಪಂಪಮಹಾಕವಿ ರಸ್ತೆಯಲ್ಲಿ, ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ ಕಾಣುತ್ತದೆ. ಪರಿಷತ್ತು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಿನ ಮುಖ್ಯ ಗುಣವೇ ಶಬ್ದಕ್ಕೆ ಪ್ರಯೋಗವನ್ನು ಜೊತೆಗೂಡಿಸಿ ಕೊಡುವುದು. ಎಂದರೆ, ಶಬ್ದವನ್ನು ಅದರ ಸಂದರ್ಭದಿಂದ ಕಿತ್ತು ನೋಡದಿರುವುದು. ಸುತ್ತಲೂ ಚಾಮರಾಜಪೇಟೆ, ಬಸವನಗುಡಿಗಳ ಅಚ್ಚುಕೂಟಗಳೂ ಅಕ್ಷರಜೋಡಣೆಯ ಅಂಗಡಿಗಳೂ ಇವೆ. ಮೊಳೆಗಳನ್ನು ಜೋಡಿಸುತ್ತಿದ್ದ ಕಾಲವು ಕಳೆದು ಈ ಕೆಲಸವೆಲ್ಲ ಗಣಕಕ್ಕೆ ಬಂದು ಎಷ್ಟೋ ವರ್ಷಗಳಾದುವು. ಬರೆಯುವುದು, ಪ್ರೂಫ್ ತಿದ್ದುವುದು, ಶಬ್ದಾರ್ಥವನ್ನು ಹುಡುಕುವುದು ಇವುಗಳಲ್ಲಿ ಬಹುಭಾಗವು ಈಗ ಬ್ರೌಸರಿನೊಳಗೆಯೇ ನಡೆಯುವ ವೆಬ್ ಅಪ್ಲಿಕೇಶನ್ನುಗಳಿಗೆ ಸಾಗುತ್ತಿದೆ.

ಇಂಥ ಅಪ್ಲಿಕೇಶನ್ನುಗಳಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿದರೆ ಬಾಣದ ಗುರುತಿನ ಪಕ್ಕದಲ್ಲಿಯೇ ಒಂದು ಚಿಕ್ಕ ಪಟ್ಟಿ ತೆರೆದುಕೊಳ್ಳುವುದನ್ನು ವಾಚಕರು ಕಂಡಿರಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಕಾಂಟೆಕ್ಸ್ಟ್ ಮೆನು ಎಂದು ಹೆಸರು; ಈ ಲೇಖನದಲ್ಲಿ ಸಂದರ್ಭಪಟ್ಟಿ ಎಂದು ಕರೆಯೋಣ. ಹೆಸರೇ ಹೇಳುವಂತೆ ಇದು ಸಂದರ್ಭವನ್ನು ಅರಿತು ಮಾತನಾಡುತ್ತೇನೆಂದು ಪ್ರತಿಜ್ಞೆ ಮಾಡುವ ವಸ್ತು. ಆ ಪ್ರತಿಜ್ಞೆಯನ್ನು ಅದು ಎಷ್ಟರಮಟ್ಟಿಗೆ ನಡೆಸುತ್ತದೆ, ವಿಶೇಷವಾಗಿ ಕನ್ನಡದಲ್ಲಿ ಓದುವ ಬರೆಯುವವರ ಪಾಲಿಗೆ ಅದು ಕೊಡುವುದೇನು, ಕಸಿಯುವುದೇನು ಎಂಬುದನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ. ಸಾಧನವು ಹೊಸದಾದರೂ ಅದನ್ನು ಅಳೆಯುವುದಕ್ಕೆ ಬೇಕಾದ ಅಳತೆಗೋಲುಗಳು ನಮ್ಮ ಶಾಸ್ತ್ರದಲ್ಲಿಯೇ ಇವೆಯೆಂಬುದು ಇಲ್ಲಿಯ ವಾದ.

೨

ಮೊದಲು ಈ ಪಟ್ಟಿಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ ಸ್ಮಾಲ್‌ಟಾಕ್ ಎಂಬ ವ್ಯವಸ್ಥೆಯು ರೂಪುಗೊಂಡಿತು. ಅಲ್ಲಿಯ ಮೌಸಿಗೆ ಮೂರು ಗುಂಡಿಗಳು. ಒಂದು ಗುಂಡಿಯು ವಸ್ತುವನ್ನು ಆರಿಸುವುದಕ್ಕೆ, ಉಳಿದೆರಡು ಆ ವಸ್ತುವಿಗೂ ಅದಿರುವ ಕಿಟಕಿಗೂ ಸಲ್ಲುವ ಕ್ರಿಯೆಗಳ ಪಟ್ಟಿಗಳನ್ನು ತೆರೆಯುವುದಕ್ಕೆ. ೧೯೮೪ರಲ್ಲಿ ಬಂದ ಆಪಲ್ ಸಂಸ್ಥೆಯ ಮ್ಯಾಕಿಂಟಾಶ್ ಗಣಕವು ಒಂದೇ ಗುಂಡಿಯ ಮೌಸನ್ನು ಇಟ್ಟುಕೊಂಡು, ಪಟ್ಟಿಗಳನ್ನೆಲ್ಲ ಪರದೆಯ ಮೇಲಂಚಿನಲ್ಲಿ ಬಹಿರಂಗವಾಗಿ ನಿಲ್ಲಿಸಿತು. ಬಲಗುಂಡಿಯ ಪಟ್ಟಿಯನ್ನು ಸಾಮಾನ್ಯ ಜನರ ಕೈಗೆ ತಂದದ್ದು ೧೯೯೫ರ ವಿಂಡೋಸ್ ೯೫. ೧೯೯೯ರಲ್ಲಿ ಪ್ರಕಟವಾದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ೫ ಎಂಬ ಬ್ರೌಸರು, ಓದುಗನು ಬಲಗುಂಡಿಯನ್ನು ಒತ್ತಿದ ಸಂಗತಿಯನ್ನು ಪುಟವನ್ನು ರಚಿಸಿದವನಿಗೂ ತಿಳಿಯಪಡಿಸುವ ಏರ್ಪಾಡನ್ನು ತಂದಿತು. ಮುಂದೆ ಇತರ ಬ್ರೌಸರುಗಳೂ ಅದನ್ನು ಅಂಗೀಕರಿಸಿದುವು. ನಮ್ಮ ಚರ್ಚೆಗೆ ವಿಷಯವಾಗಿರುವ ಸಮಸ್ಯೆ ಹುಟ್ಟಿದ್ದು ಆಗ.

ಈ ಪಟ್ಟಿಯ ವಾಕ್ಯಕ್ರಮವು ಗಮನಾರ್ಹವಾದುದು. ಹಳೆಯ ಗಣಕಗಳಲ್ಲಿ ಆಜ್ಞೆಯನ್ನು ಅಕ್ಷರಗಳಲ್ಲಿ ಬರೆಯಬೇಕಾಗಿತ್ತು. ಅಲ್ಲಿ ಇಂಗ್ಲಿಷಿನ ವಿಧಿವಾಕ್ಯದಂತೆ ಕ್ರಿಯಾಪದವು ಮೊದಲು, ಕರ್ಮಪದವು ಅನಂತರ. ಬಲಗುಂಡಿಯ ಪಟ್ಟಿಯಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಇಲ್ಲಿ ಮೊದಲು ವಸ್ತುವನ್ನು ತೋರಿಸುತ್ತೇವೆ. ಆಮೇಲೆ ಅದಕ್ಕೆ ಏನಾಗಬೇಕೆಂಬುದನ್ನು ಹೇಳುತ್ತೇವೆ. "ಪುಸ್ತಕವನ್ನು ತೆರೆ", "ಈ ಸಾಲನ್ನು ಅಳಿಸು" ಎನ್ನುವ ಕನ್ನಡದ ಸಹಜವಾದ ಕ್ರಮವೇ ಇದು. ಆದುದರಿಂದ ಈ ಸಾಧನವು ಕನ್ನಡದ ಮನೋಧರ್ಮಕ್ಕೆ ಪರಕೀಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಆಕ್ಷೇಪವಿರುವುದು ಅದರ ತತ್ತ್ವದ ಮೇಲಲ್ಲ, ಅದನ್ನು ವೆಬ್ ಪುಟಗಳಲ್ಲಿ ಅಳವಡಿಸುವ ರೀತಿಯ ಮೇಲೆ.

೩

ಅಪ್ಲಿಕೇಶನ್ನಿಗೆ ಸಂದರ್ಭಪಟ್ಟಿಯನ್ನು "ಸೇರಿಸುವುದು" ಎಂಬ ಮಾತು ತಂತ್ರಜ್ಞರಲ್ಲಿ ರೂಢಿಯಾಗಿದೆ. ಈ ಮಾತು ವಸ್ತುಸ್ಥಿತಿಗೆ ಒಪ್ಪುವುದಿಲ್ಲ.

ಸಂಧಿಯಲ್ಲಿ ಲೋಪ, ಆಗಮ, ಆದೇಶಗಳೆಂಬ ಮೂರು ಬಗೆಗಳನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಊರು, ಊರು ಸೇರಿ ಊರೂರು ಆದಾಗ ಒಂದು ಸ್ವರವು ಲೋಪವಾಗುತ್ತದೆ. ಮನೆ, ಅನ್ನು ಸೇರಿ ಮನೆಯನ್ನು ಆದಾಗ ಇದ್ದುದಾವುದೂ ಹೋಗುವುದಿಲ್ಲ. ಯಕಾರವು ಹೊಸದಾಗಿ ಬಂದು ನಡುವೆ ನಿಲ್ಲುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಕಕಾರವನ್ನು ಹೊರಡಿಸಿ ಆ ಸ್ಥಾನದಲ್ಲಿ ಗಕಾರವು ಕೂರುತ್ತದೆ. ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವುದು, ಆದೇಶವು ಶತ್ರುವಿನಂತೆ ಇದ್ದವನನ್ನು ಎಬ್ಬಿಸಿ ಕುಳಿತುಕೊಳ್ಳುವುದು ಎಂಬ ವೈಯಾಕರಣರ ಮಾತು ಪ್ರಸಿದ್ಧವಾಗಿದೆ.

ಬ್ರೌಸರಿಗೆ ತನ್ನದೇ ಆದ ಒಂದು ಸಂದರ್ಭಪಟ್ಟಿ ಮೊದಲಿನಿಂದಲೂ ಇದೆ. ಕೊಂಡಿಯ ಮೇಲೆ ಬಲಗುಂಡಿಯನ್ನು ಒತ್ತಿದರೆ ಅದನ್ನು ಬೇರೊಂದು ಕಿಟಕಿಯಲ್ಲಿ ತೆರೆಯುವ, ವಿಳಾಸವನ್ನು ನಕಲು ಮಾಡಿಕೊಳ್ಳುವ ಅವಕಾಶ. ಆರಿಸಿದ ಮಾತಿನ ಮೇಲೆ ಒತ್ತಿದರೆ ನಕಲು ಮಾಡುವ, ಹುಡುಕುವ ಅವಕಾಶ. ಚಿತ್ರದ ಮೇಲೆ ಒತ್ತಿದರೆ ಉಳಿಸಿಕೊಳ್ಳುವ ಅವಕಾಶ. ಬರೆಯುವ ಜಾಗದಲ್ಲಿ ಒತ್ತಿದರೆ ಅಂಟಿಸುವ, ಮಾಡಿದ್ದನ್ನು ರದ್ದುಪಡಿಸುವ, ಕಾಗುಣಿತವನ್ನು ತಿದ್ದಿಕೊಳ್ಳುವ ಅವಕಾಶ. ಓದುಗನು ತಾನಾಗಿ ಬ್ರೌಸರಿಗೆ ಜೋಡಿಸಿಕೊಂಡ ನಿಘಂಟು, ಗಟ್ಟಿಯಾಗಿ ಓದಿ ಹೇಳುವ ಸಾಧನ ಮೊದಲಾದುವು ಕೂಡ ಇದೇ ಪಟ್ಟಿಯಲ್ಲಿ ಬಂದು ಸೇರುತ್ತವೆ.

ಪುಟವನ್ನು ರಚಿಸಿದವನಿಗೆ ಈ ಪಟ್ಟಿಯೊಳಗೆ ತನ್ನದೊಂದು ಸಾಲನ್ನು ಸೇರಿಸುವ ಅಧಿಕಾರವಿಲ್ಲ. ಅವನು ಮಾಡಬಹುದಾದುದು ಒಂದೇ: ಬ್ರೌಸರಿನ ಸಹಜ ವರ್ತನೆಯನ್ನು ಒಂದು ಸಾಲಿನ ಆಜ್ಞೆಯಿಂದ ತಡೆದು, ಆ ಸ್ಥಾನದಲ್ಲಿ ತಾನು ಚಿತ್ರಿಸಿದ ಬೇರೊಂದು ಪಟ್ಟಿಯನ್ನು ತೋರಿಸುವುದು. ಇದು ಆಗಮವಲ್ಲ, ಆದೇಶ. ಮೇಲೆ ಎಣಿಸಿದ ಅವಕಾಶಗಳೆಲ್ಲವೂ ಒಮ್ಮೆಗೇ ಮರೆಯಾಗುತ್ತವೆ. ಅವುಗಳಲ್ಲಿ ಕೆಲವನ್ನು ಹೊಸ ಪಟ್ಟಿಯಲ್ಲಿ ಮತ್ತೆ ಕಟ್ಟಿಕೊಡಬಹುದು. ಕೆಲವನ್ನು ಕಟ್ಟಿಕೊಡುವುದು ಸಾಧ್ಯವೇ ಇಲ್ಲ. ಓದುಗನು ಬೇರೆಡೆಯಲ್ಲಿ ನಕಲು ಮಾಡಿಟ್ಟುಕೊಂಡ ಬರಹವನ್ನು ಅವನ ಅನುಮತಿಯಿಲ್ಲದೆ ಪುಟವು ಓದಲಾಗದು. ಇದು ಅವನ ರಕ್ಷಣೆಗಾಗಿ ಇರುವ ಕಟ್ಟುಪಾಡು. ಆದಕಾರಣ ಹೊಸ ಪಟ್ಟಿಯ "ಅಂಟಿಸು" ಎಂಬ ಸಾಲು ಅನೇಕ ವೇಳೆ ಕೀಲಿಮಣೆಯನ್ನು ಬಳಸಿರೆಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಓದುಗನು ಜೋಡಿಸಿಕೊಂಡ ನಿಘಂಟಂತೂ ಪುಟದ ಕಣ್ಣಿಗೇ ಬೀಳುವುದಿಲ್ಲ.

ನಿಜವಾದ ಆಗಮಕ್ಕೆ ಒಂದು ಪ್ರಯತ್ನ ನಡೆಯದೆ ಇರಲಿಲ್ಲ. ಎಚ್‌ಟಿಎಂಎಲ್ ೫ರ ಕರಡಿನಲ್ಲಿ, ಪುಟವು ತನ್ನ ಸಾಲುಗಳನ್ನು ಬ್ರೌಸರಿನ ಪಟ್ಟಿಯೊಡನೆ ಸೇರಿಸಿ ಕೊಡುವ ಏರ್ಪಾಡನ್ನು ಸೂಚಿಸಲಾಗಿತ್ತು. ೨೦೧೧ರಲ್ಲಿ ಫೈರ್‌ಫಾಕ್ಸ್ ಅದನ್ನು ಆಚರಣೆಗೆ ತಂದಿತು. ಇತರ ಮುಖ್ಯ ಬ್ರೌಸರುಗಳು ಅನುಸರಿಸಲಿಲ್ಲ. ಕೊನೆಗೆ ಆ ಸೂಚನೆಯೂ ಬಿದ್ದುಹೋಯಿತು, ಫೈರ್‌ಫಾಕ್ಸ್ ಕೂಡ ಅದನ್ನು ಕೈಬಿಟ್ಟಿತು. ಮಿತ್ರನಂತೆ ಬರಬಹುದಾಗಿದ್ದ ದಾರಿ ಮುಚ್ಚಿತು; ಶತ್ರುವಿನ ದಾರಿಯೊಂದೇ ಉಳಿಯಿತು. ಈ ವಿಷಯದಲ್ಲಿ ವಿಷಾದಪಡಬೇಕಾದ ಪ್ರಧಾನ ಸಂಗತಿ ಇದೇ ಎಂದು ನಮ್ಮ ಅಭಿಪ್ರಾಯ.

ಇನ್ನು ಲೋಪ. ಕಥೆ, ಕವನ, ಲೇಖನಗಳನ್ನು ಪ್ರಕಟಿಸುವ ಕೆಲವು ತಾಣಗಳಲ್ಲಿ ಬಲಗುಂಡಿಯನ್ನು ಒತ್ತಿದರೆ ಯಾವ ಪಟ್ಟಿಯೂ ಬರುವುದಿಲ್ಲ. ಹೆಚ್ಚೆಂದರೆ ಒಂದು ಎಚ್ಚರಿಕೆಯ ಮಾತು ಕಾಣಿಸಿಕೊಳ್ಳುತ್ತದೆ. ಬರಹದ ಕಳವನ್ನು ತಡೆಯುವುದು ಇದರ ಉದ್ದೇಶವೆನ್ನುತ್ತಾರೆ. ಲೇಖಕರ ಹಕ್ಕಿನ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಪುಟದ ಬರಹವು ಓದುಗನ ಗಣಕಕ್ಕೆ ಆಗಲೇ ಬಂದು ಸೇರಿರುತ್ತದೆ. ಕಳ್ಳನಾದವನಿಗೆ ಅದನ್ನು ಎತ್ತಿಕೊಳ್ಳಲು ಹತ್ತು ಹಾದಿಗಳಿವೆ. ಫೈರ್‌ಫಾಕ್ಸಿನಲ್ಲಿಯಂತೂ ಶಿಫ್ಟ್ ಕೀಲಿಯನ್ನು ಹಿಡಿದು ಬಲಗುಂಡಿಯನ್ನು ಒತ್ತಿದರೆ ತಡೆಯನ್ನು ಲಕ್ಷಿಸದೆ ಬ್ರೌಸರಿನ ಪಟ್ಟಿಯೇ ಬರುತ್ತದೆ. ಈ ಬೀಗ ನಿಲ್ಲಿಸುವುದು, ಅರ್ಥವಾಗದ ಒಂದು ಹಳಗನ್ನಡ ಶಬ್ದವನ್ನು ನಕಲು ಮಾಡಿ ನಿಘಂಟಿನಲ್ಲಿ ನೋಡಬೇಕೆಂದಿದ್ದ ವಿದ್ಯಾರ್ಥಿಯನ್ನು ಮಾತ್ರ. ಓದುವವರ ಸಂಖ್ಯೆ ಸಾಲದೆಂದು ಕೊರಗುವ ಭಾಷೆಯೊಂದು ಇಂಥ ಬೀಗವನ್ನು ಹಾಕಿಕೊಳ್ಳುವುದು ವಿವೇಕವಲ್ಲ.

೪

ಆದೇಶವು ಅನಿವಾರ್ಯವೆಂದು ಒಪ್ಪಿಕೊಂಡರೂ, ಸ್ಥಾನವನ್ನು ಆಕ್ರಮಿಸಿದವನು ಆ ಸ್ಥಾನಕ್ಕೆ ತಕ್ಕವನಾಗಿರಬೇಕೆಂದು ಕೇಳುವ ಹಕ್ಕು ನಮಗುಂಟು. ಪದಗಳು ಕೂಡಿ ವಾಕ್ಯಾರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳು ಬೇಕೆಂದು ಅನ್ನಂಭಟ್ಟನ ತರ್ಕಸಂಗ್ರಹವು ಹೇಳುತ್ತದೆ. ತೋರಿಸಿದ ವಸ್ತುವೂ ಆರಿಸಿದ ಕ್ರಿಯೆಯೂ ಕೂಡಿ ಒಂದು ವಾಕ್ಯವಾಗುವ ಸಂದರ್ಭಪಟ್ಟಿಗೂ ಈ ಮೂರನ್ನು ಅನ್ವಯಿಸಬಹುದು. ಯೋಗ್ಯತೆಯಿಂದ ಆರಂಭಿಸೋಣ.

ಬೆಂಕಿಯಿಂದ ನೆನೆಸು ಎಂಬ ವಾಕ್ಯದಲ್ಲಿ ಪದಗಳು ಸರಿಯಾಗಿದ್ದರೂ ಅರ್ಥಕ್ಕೆ ಬಾಧೆಯುಂಟು. ನೆನೆಸುವ ಯೋಗ್ಯತೆ ಬೆಂಕಿಗಿಲ್ಲ. ಓದುವುದಕ್ಕೆ ಮಾತ್ರ ತೆರೆದಿರುವ ಪುಟದಲ್ಲಿ "ಕತ್ತರಿಸು" ಎಂದು ತೋರಿಸುವುದೂ, ಏನನ್ನೂ ಆರಿಸದಿರುವಾಗ "ನಕಲಿಸು" ಎಂದು ತೋರಿಸುವುದೂ ಇದೇ ದೋಷ. ಎಲ್ಲ ವಸ್ತುಗಳಿಗೂ ಒಂದೇ ಪಟ್ಟಿಯನ್ನು ತೋರಿಸುವ ಅಪ್ಲಿಕೇಶನ್ನು ಸಂದರ್ಭಪಟ್ಟಿಯೆಂಬ ಹೆಸರಿಗೆ ಅರ್ಹವಲ್ಲ. ಉಪ್ಪು ಕೇಳಿದಾಗಲೂ ಕುದುರೆ ಕೇಳಿದಾಗಲೂ ಎರಡನ್ನೂ ತಂದು ನಿಲ್ಲಿಸುವ ಸೇವಕನಂತೆ ಅದು.

ಕನ್ನಡದ ಪಟ್ಟಿಗಳಲ್ಲಿ ಯೋಗ್ಯತೆಯ ಪ್ರಶ್ನೆಯು ಶಬ್ದಗಳ ಆಯ್ಕೆಯಲ್ಲಿ ಇನ್ನೂ ತೀವ್ರವಾಗುತ್ತದೆ. "ತೆಗೆ" ಎಂಬ ಧಾತುವನ್ನು ತೆಗೆದುಕೊಳ್ಳಿ. ಹಳೆಯ ಮೈಸೂರಿನ ಕಡೆಯ ಮಾತಿನಲ್ಲಿ "ಬಾಗಿಲು ತೆಗೆ" ಎಂದರೆ ಬಾಗಿಲನ್ನು ತೆರೆ ಎಂದರ್ಥ. "ಕಲ್ಲು ತೆಗೆ" ಎಂದರೆ ಕಲ್ಲನ್ನು ಅಲ್ಲಿಂದ ನೀಗಿಸು ಎಂದರ್ಥ. ಬಾಗಿಲು, ಕಲ್ಲುಗಳ ವಿಷಯದಲ್ಲಿ ವಸ್ತುವಿನ ಸ್ವಭಾವವೇ ಅರ್ಥವನ್ನು ನಿಶ್ಚಯಿಸುತ್ತದೆ. ಕಡತದ ಮೇಲೆ ಬಲಗುಂಡಿಯನ್ನು ಒತ್ತಿದಾಗ "ತೆಗೆ" ಎಂಬ ಸಾಲು ಕಂಡರೆ? ಕಡತವನ್ನು ತೆರೆಯಲೂ ಬಹುದು, ತೊಲಗಿಸಲೂ ಬಹುದು. ಎರಡಕ್ಕೂ ಅದು ಯೋಗ್ಯವಾದ ವಸ್ತು. ಶಂಕರಪುರದಲ್ಲಿ ಪ್ರೂಫ್ ತಿದ್ದುವ ಹಿರಿಯರೊಬ್ಬರನ್ನು ಊಹಿಸಿಕೊಳ್ಳೋಣ. ಒಂದು ಅಧ್ಯಾಯವನ್ನು ನೋಡಬೇಕೆಂದು ಅವರು ತಮ್ಮ ಮನೆಮಾತಿನಂತೆ "ತೆಗೆ" ಎಂಬುದನ್ನು ಒತ್ತಿದರೆ ಆ ಅಧ್ಯಾಯವೇ ಮಾಯವಾಗಬಹುದು. ಸೈಂಧವದ ಉದಾಹರಣೆಯಲ್ಲಿ ಸೇವಕನು ತಪ್ಪಿದರೆ ಊಟದ ಮನೆಗೆ ಕುದುರೆ ಬರುತ್ತಿತ್ತು, ಅಷ್ಟೆ. ಇಲ್ಲಿ ಒಂದು ದಿನದ ದುಡಿಮೆ ನಷ್ಟವಾಗುತ್ತದೆ. ಆದುದರಿಂದ ಇಂಥ ಕಡೆ "ತೆರೆ", "ತೆಗೆದುಹಾಕು" ಎಂದು ಬಿಡಿಸಿ ಹೇಳತಕ್ಕದ್ದು. ಅಳಿಸುವ ಸಾಲನ್ನು ಉಳಿದ ಸಾಲುಗಳಿಂದ ಗೆರೆಯೆಳೆದು ಬೇರ್ಪಡಿಸತಕ್ಕದ್ದು. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನೂ ಇಡತಕ್ಕದ್ದು.

ಇನ್ನೊಂದು ವ್ಯಾಕರಣಾಂಶವೂ ಇದೆ. ಕೆಲವು ಪಟ್ಟಿಗಳಲ್ಲಿ "ಅಳಿಸು, ಉಳಿಸು" ಎಂದಿರುತ್ತದೆ. ಕೆಲವುಗಳಲ್ಲಿ "ಅಳಿಸಿ, ಉಳಿಸಿ" ಎಂದು. ಎರಡನೆಯ ರೂಪವು ಗೌರವದ್ದೆಂದು ಅದನ್ನು ಬಳಸುವವರ ಭಾವನೆ. ಆದರೆ ಪಟ್ಟಿಯಲ್ಲಿ ಮಾತನಾಡುವವರು ಯಾರು ಎಂಬುದನ್ನು ವಿಚಾರಿಸಬೇಕು. "ಇಲ್ಲಿ ನಿಮ್ಮ ಹೆಸರನ್ನು ಬರೆಯಿರಿ" ಎಂಬಲ್ಲಿ ಯಂತ್ರವು ಮನುಷ್ಯನೊಡನೆ ಮಾತನಾಡುತ್ತದೆ. ಅಲ್ಲಿ ಬಹುವಚನವು ಸಲ್ಲತಕ್ಕದ್ದು. ಪಟ್ಟಿಯ ಸಾಲಿನಲ್ಲಿಯಾದರೋ ಮನುಷ್ಯನು ಯಂತ್ರಕ್ಕೆ ಆಜ್ಞೆ ಮಾಡುತ್ತಾನೆ. ಯಂತ್ರವನ್ನು ಬಹುವಚನದಿಂದ ಕರೆಯಬೇಕಾದ ಕಾರಣವಿಲ್ಲ. ಮೇಲಾಗಿ "ಅಳಿಸಿ" ಎಂಬುದು ವಿಧಿರೂಪವೂ ಹೌದು, ಅಳಿಸಿದ ಬಳಿಕ ಎಂಬ ಅರ್ಥದ ಕೃದಂತಾವ್ಯಯವೂ ಹೌದು. "ಅಳಿಸಿ" ಎಂಬುದರ ಕೆಳಗೇ "ಉಳಿಸಿ" ಎಂದಿದ್ದರೆ, ಮೊದಲು ಅಳಿಸಿ ಆಮೇಲೆ ಉಳಿಸಬೇಕೆಂದು ಓದುವುದಕ್ಕೂ ಆಸ್ಪದವಿದೆ. ಪಟ್ಟಿಗೆ ಏಕವಚನವೇ ಲೇಸು. ಒಂದೇ ಅಪ್ಲಿಕೇಶನ್ನಿನಲ್ಲಿ ಎರಡೂ ರೂಪಗಳನ್ನು ಬೆರಸುವುದಂತೂ ಸಲ್ಲದು.

ಅಕ್ಷರದ ಆಕಾರಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲುಗಳ ಎತ್ತರವನ್ನು ಬಿಗಿಯಾಗಿ ಕತ್ತರಿಸಿದ ಪಟ್ಟಿಗಳಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗವು ಕತ್ತರಿಸಿಹೋಗುತ್ತದೆ. ಮೊಳೆ ಜೋಡಿಸುತ್ತಿದ್ದವರು ಒತ್ತಿಗೆ ಜಾಗವನ್ನು ಬಿಡದೆ ಪುಟ ಕಟ್ಟುತ್ತಿರಲಿಲ್ಲ. ಪರದೆಯ ಮೇಲೂ ಆ ಜಾಗವನ್ನು ಬಿಡಬೇಕಾದುದು ಲಿಪಿಗೆ ಸಲ್ಲುವ ಕನಿಷ್ಠ ಮರ್ಯಾದೆ.

೫

ಎರಡನೆಯದು ಆಕಾಂಕ್ಷೆ. ಹಸು, ಕುದುರೆ, ಮನುಷ್ಯ, ಆನೆ ಎಂದು ನಾಮಪದಗಳನ್ನು ಸಾಲಾಗಿ ಉಚ್ಚರಿಸಿದರೆ ವಾಕ್ಯವಾಗುವುದಿಲ್ಲ. ಒಂದು ಪದವು ಇನ್ನೊಂದನ್ನು ಬಯಸಬೇಕು. ಕನ್ನಡ ಶಬ್ದದ ಮೇಲೆ ಬಾಣವನ್ನಿಟ್ಟು ಬಲಗುಂಡಿಯನ್ನು ಒತ್ತಿದ ಓದುಗನ ಬಯಕೆ ಏನಾಗಿರಬಹುದು? ಗ್ರಂಥಭಂಡಾರ, ಪಠ್ಯಸಂಪಾದನೆ, ನಿಘಂಟುಗಳಿಗೆ ಸಂಬಂಧಿಸಿದ ಅಪ್ಲಿಕೇಶನ್ನುಗಳಲ್ಲಿ ಬಹುಮಟ್ಟಿಗೆ ಅದು ಈ ಶಬ್ದದ ಅರ್ಥವೇನು ಎಂಬುದು. "ಅರ್ಥ ನೋಡು" ಎಂಬ ಒಂದು ಸಾಲು ಅಲ್ಲಿ ಬಂದರೆ ಆದೇಶವು ತನ್ನ ಅಪರಾಧವನ್ನು ಬಹುಮಟ್ಟಿಗೆ ತೀರಿಸಿಕೊಂಡಂತೆಯೇ ಸರಿ.

ಆದರೆ ಈ ಸಾಲನ್ನು ಬರೆಯುವುದು ಸುಲಭ, ನಡೆಸುವುದು ಕಷ್ಟ. ಇಂಗ್ಲಿಷಿನ ಓದುಗನು ತೋರಿಸಿದ ಪದವು ಅನೇಕ ವೇಳೆ ನಿಘಂಟಿನ ಪದವೇ ಆಗಿರುತ್ತದೆ. ಕನ್ನಡದಲ್ಲಿ ಹಾಗಲ್ಲ. "ಮನೆಗಳಿಂದಲೇ" ಎಂಬುದು ಯಾವ ನಿಘಂಟಿನಲ್ಲಿಯೂ ಇಲ್ಲ; ಬಹುವಚನವನ್ನೂ ವಿಭಕ್ತಿಯನ್ನೂ ಅವಧಾರಣೆಯ ಏಕಾರವನ್ನೂ ಬಿಡಿಸಿದರೆ "ಮನೆ" ಸಿಕ್ಕುತ್ತದೆ. "ಕಂಡನು" ಎಂಬುದರ ಮೂಲ "ಕಾಣು", "ಬಂದಿತು" ಎಂಬುದರ ಮೂಲ "ಬರು"; ಇಲ್ಲಿ ಪ್ರತ್ಯಯವನ್ನು ಕತ್ತರಿಸಿದರೆ ಸಾಲದು, ಧಾತುವಿನ ವಿಕಾರವನ್ನೂ ತಿಳಿದಿರಬೇಕು. "ಬೆಟ್ಟದಾವರೆ"ಯಲ್ಲಿ "ತಾವರೆ"ಯನ್ನು ಕಾಣಬೇಕಾದರೆ ಆದೇಶಸಂಧಿಯನ್ನು ಬಿಡಿಸಬೇಕು. ಇವೆಲ್ಲಕ್ಕಿಂತ ಮಿಗಿಲಾದ ತೊಡಕು "ತಂದೆ"ಯಂಥ ಪದಗಳದು. "ನನ್ನ ತಂದೆ" ಎಂಬಲ್ಲಿ ಅದು ನಾಮಪದ. "ನಾನು ಹಣ್ಣು ತಂದೆ" ಎಂಬಲ್ಲಿ "ತರು" ಧಾತುವಿನ ಕ್ರಿಯಾಪದ. ಪದವೊಂದನ್ನೇ ನೋಡಿದರೆ ನಿರ್ಣಯವಾಗದು, ವಾಕ್ಯವನ್ನು ನೋಡಬೇಕು. ಇದೇ ಕನ್ನಡದ ಸೈಂಧವ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಇಲ್ಲದೆ ಇಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು, ಪರಿಷತ್ತಿನ ಎಂಟು ಸಂಪುಟಗಳು ಇವಲ್ಲದೆ, ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಒಬ್ಬರೇ ದುಡಿದು ಸಿದ್ಧಪಡಿಸಿದ "ಅಲರ್" ಎಂಬ ಕನ್ನಡ-ಇಂಗ್ಲಿಷ್ ನಿಘಂಟು ೨೦೧೯ರಲ್ಲಿ ಅಂತರಜಾಲದಲ್ಲಿ ಮುಕ್ತ ಪರವಾನಗಿಯೊಡನೆ ದೊರೆಯುವಂತಾಯಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಶಬ್ದಗಳಿವೆ. ಅಪ್ಲಿಕೇಶನ್ನುಗಳನ್ನು ರಚಿಸುವವರು ನಿಬಂಧನೆಗಳನ್ನು ಪಾಲಿಸಿ ಅದನ್ನು ಬಳಸಿಕೊಳ್ಳಬಹುದು. ಶಬ್ದಭಂಡಾರವು ಕೈಗೆಟುಕುವಂತಿರುವಾಗ, ತೋರಿಸಿದ ರೂಪದಿಂದ ಮೂಲಪದಕ್ಕೆ ಹೋಗುವ ಮೆಟ್ಟಿಲುಗಳನ್ನು ಕಟ್ಟುವುದು ವ್ಯಾಕರಣ ಬಲ್ಲವರೂ ತಂತ್ರ ಬಲ್ಲವರೂ ಕೂಡಿ ಮಾಡಬೇಕಾದ ಕೆಲಸ. ವಿಶ್ವವಿದ್ಯಾನಿಲಯದ ವಿಭಾಗಗಳಿಗೆ ಇದಕ್ಕಿಂತ ಹತ್ತಿರದ ಕ್ಷೇತ್ರಕಾರ್ಯ ಬೇರೆ ಬೇಕಿಲ್ಲ. ಆ ಮೆಟ್ಟಿಲುಗಳು ಪೂರ್ಣವಾಗುವವರೆಗೆ, "ತಂದೆ"ಯಂಥಲ್ಲಿ ಎರಡು ಅರ್ಥಗಳನ್ನೂ ಮುಂದಿಟ್ಟು ಆಯ್ಕೆಯನ್ನು ಓದುಗನಿಗೇ ಬಿಡುವುದು ಪ್ರಾಮಾಣಿಕವಾದ ಮಾರ್ಗ.

೬

ಮೂರನೆಯದು ಸನ್ನಿಧಿ. "ಹಸುವನ್ನು" ಎಂದು ಈಗ ಹೇಳಿ "ತಾ" ಎಂದು ಒಂದು ಜಾವ ಕಳೆದು ಹೇಳಿದರೆ ವಾಕ್ಯಾರ್ಥವಾಗದು, ಪದಗಳು ಬಳಿಬಳಿಯಲ್ಲಿರಬೇಕು. ಸಂದರ್ಭಪಟ್ಟಿಯ ನಿರ್ವಿವಾದವಾದ ಗುಣವೆಂದರೆ ಈ ಸನ್ನಿಧಿಯೇ. ಒಂದು ಗುರಿಯನ್ನು ತಲುಪಲು ಕೈಗೆ ಬೇಕಾಗುವ ಕಾಲವು ಆ ಗುರಿಯ ದೂರವನ್ನೂ ಗಾತ್ರವನ್ನೂ ಅವಲಂಬಿಸಿದೆಯೆಂದು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞನು ೧೯೫೪ರಲ್ಲಿ ನಿರೂಪಿಸಿದನು. ಬಾಣವಿದ್ದಲ್ಲಿಯೇ ತೆರೆದುಕೊಳ್ಳುವ ಪಟ್ಟಿಗೆ ದೂರವೆಂಬುದೇ ಇಲ್ಲದಷ್ಟು ಕಡಮೆ.

ಆದರೆ ಯಾರ ಸನ್ನಿಧಿ? ಮೌಸನ್ನು ಹಿಡಿದವನಿಗೆ ಹತ್ತಿರವಾದುದು ಇತರರಿಗೆ ಹತ್ತಿರವೆಂದು ಹೇಳಲಾಗದು. ಇಂದು ಕನ್ನಡವನ್ನು ಫೋನಿನಲ್ಲಿ ಓದುವವರು ಬಹಳ, ಫೋನಿಗೆ ಬಲಗುಂಡಿಯಿಲ್ಲ. ಬೆರಳನ್ನು ಒಂದೆಡೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದನ್ನು ಅದರ ಪ್ರತಿನಿಧಿಯಾಗಿ ಎಣಿಸುತ್ತಾರೆ. ಆದರೆ ಅದೇ ಒತ್ತಿನಿಂದ ಓದುಗನು ಪದವನ್ನು ಆರಿಸಿಕೊಳ್ಳಬೇಕು; ಪುಟವು ಅದನ್ನೂ ಕಸಿದುಕೊಂಡರೆ ಅವನಿಗೆ ಬೇರೆ ಗತಿಯಿಲ್ಲ. ಕಣ್ಣು ಕಾಣದವರು ಕೀಲಿಮಣೆಯಿಂದಲೂ ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದಲೂ ಕೆಲಸ ಮಾಡುತ್ತಾರೆ. ಇ-ಸ್ಪೀಕ್ ಎಂಬ ಮುಕ್ತ ಧ್ವನಿತಂತ್ರಾಂಶವು ಕನ್ನಡವನ್ನೂ ಓದುತ್ತದೆ. ವಿಂಡೋಸ್ ಗಣಕಗಳಲ್ಲಿ ಶಿಫ್ಟ್ 'ಎಫ್ ೧೦' ಕೀಲಿಗಳನ್ನು ಒಟ್ಟಿಗೆ ಒತ್ತಿ ಅವರು ಸಂದರ್ಭಪಟ್ಟಿಯನ್ನು ತೆರೆಯುತ್ತಾರೆ. ಪುಟದ ಪಟ್ಟಿಯು ಈ ಕರೆಗೆ ಓಗೊಡಬೇಕು. ಬಾಣದ ಸ್ಥಾನದಲ್ಲಲ್ಲ, ಆಗ ಕೆಲಸ ನಡೆಯುತ್ತಿರುವ ವಸ್ತುವಿನ ಪಕ್ಕದಲ್ಲಿ ತೆರೆಯಬೇಕು. ಮೇಲೆ ಕೆಳಗೆ ಬಾಣದ ಕೀಲಿಗಳಿಂದ ಚಲಿಸುವಂತಿರಬೇಕು. ಎಸ್ಕೇಪ್ ಕೀಲಿಗೆ ಮುಚ್ಚಿ, ಓದುಗನನ್ನು ಹೊರಟಲ್ಲಿಗೇ ಹಿಂದಿರುಗಿಸಬೇಕು. ಪಟ್ಟಿಯೆಂದೂ ಪಟ್ಟಿಯ ಸಾಲೆಂದೂ ಯಂತ್ರಕ್ಕೆ ತಿಳಿಯುವಂತೆ ಗುರುತಿಸುವ ನಿಯಮಗಳನ್ನು ವೆಬ್ಬಿನ ಅಂತರರಾಷ್ಟ್ರೀಯ ಒಕ್ಕೂಟವು ೨೦೧೪ರಲ್ಲಿಯೇ ಶಿಫಾರಸು ಮಾಡಿದೆ. ಪಟ್ಟಿಯ ಸಾಲುಗಳನ್ನು ಮೊದಲ ಅಕ್ಷರವನ್ನು ಒತ್ತಿ ಆರಿಸುವ ಪದ್ಧತಿಯೊಂದುಂಟು. ಸಾಲು ಕನ್ನಡದಲ್ಲಿದ್ದು ಕೀಲಿಮಣೆ ಇಂಗ್ಲಿಷಿನಲ್ಲಿದ್ದರೆ ಅದು ಕೆಲಸಕ್ಕೆ ಬಾರದೆಂಬುದನ್ನೂ ರಚಿಸುವವರು ಎಣಿಸಬೇಕು.

ಸನ್ನಿಧಿಯನ್ನು ಬಲಗುಂಡಿಯಿಲ್ಲದೆಯೂ ಸಾಧಿಸಬಹುದೆಂಬುದಕ್ಕೆ ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಅಲ್ಲಿ ಕನ್ನಡವನ್ನು ಟೈಪು ಮಾಡುವ ವಿಧಾನವನ್ನು ಆರಿಸಿಕೊಳ್ಳಲು ಬರೆಯುವ ಪೆಟ್ಟಿಗೆಯ ಅಂಚಿನಲ್ಲಿಯೇ ಕೀಲಿಮಣೆಯ ಒಂದು ಚಿಕ್ಕ ಗುರುತು ಕಾಣಿಸಿಕೊಳ್ಳುತ್ತದೆ. ಅದನ್ನು ಒತ್ತಿದರೆ ಪಟ್ಟಿ ಬರುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಕೆಲಸದ ಹತ್ತಿರದಲ್ಲಿದೆ, ಬ್ರೌಸರಿನ ಪಟ್ಟಿಯನ್ನು ಮುಟ್ಟುವುದಿಲ್ಲ. ಇದು ಆಗಮ.

೭

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಲೆಕ್ಕದ ಕೋಷ್ಟಕ, ನಕ್ಷೆ, ಚಿತ್ರರಚನೆ, ಕಡತಗಳ ಸಂಗ್ರಹ ಇಂಥ ಅಪ್ಲಿಕೇಶನ್ನುಗಳಲ್ಲಿ ಬ್ರೌಸರಿನ ಪಟ್ಟಿಯಿಂದ ಪ್ರಯೋಜನವೇನು? ಕೋಷ್ಟಕದ ಒಂದು ಮನೆಯ ಮೇಲೆ ಬಲಗುಂಡಿಯನ್ನು ಒತ್ತಿದವನು ಸಾಲೊಂದನ್ನು ಸೇರಿಸಬೇಕೆನ್ನುತ್ತಾನೆಯೇ ಹೊರತು ಪುಟವನ್ನು ಉಳಿಸಬೇಕೆನ್ನುವುದಿಲ್ಲ. ಬಹುಕಾಲ ಮೇಜಿನ ಮೇಲಿನ ತಂತ್ರಾಂಶಗಳಲ್ಲಿ ಪಳಗಿದ ಕೈ ಅದನ್ನೇ ನಿರೀಕ್ಷಿಸುತ್ತದೆ.

ಈ ಆಕ್ಷೇಪದಲ್ಲಿ ತಥ್ಯವಿದೆ, ಅದನ್ನು ಒಪ್ಪುತ್ತೇವೆ. ಯಾವ ವಸ್ತುವಿನ ಸ್ವರೂಪವು ಬ್ರೌಸರಿಗೆ ತಿಳಿಯದೋ ಅಪ್ಲಿಕೇಶನ್ನಿಗೆ ಮಾತ್ರ ತಿಳಿದಿದೆಯೋ ಅಲ್ಲಿ ಆದೇಶವು ನ್ಯಾಯವಾದುದು. ಕೋಷ್ಟಕದ ಮನೆ, ನಕ್ಷೆಯ ಮೇಲಿನ ಊರು ಇಂಥವು. ಆದರೆ ಆ ವಸ್ತುವಿನ ಎಲ್ಲೆಯ ಹೊರಗೆ, ಬರಹ, ಕೊಂಡಿ, ಬರೆಯುವ ಪೆಟ್ಟಿಗೆ ಇವುಗಳ ಮೇಲೆ ಆದೇಶಕ್ಕೆ ಅಧಿಕಾರವಿಲ್ಲ. ಅವುಗಳ ಸ್ವರೂಪವನ್ನು ಬ್ರೌಸರು ಚೆನ್ನಾಗಿ ಬಲ್ಲದು. ಓದುಗನೂ ಅಲ್ಲಿ ತನ್ನ ಸಾಧನಗಳನ್ನು ಜೋಡಿಸಿಟ್ಟುಕೊಂಡಿದ್ದಾನೆ. ಸಂಧಿಕಾರ್ಯವು ಕೂಡ ಎರಡು ಪದಗಳು ಸೇರುವ ತಾಣದಲ್ಲಿ ಮಾತ್ರ ನಡೆಯುತ್ತದೆ. ಪದವನ್ನೆಲ್ಲ ತಿದ್ದುವ ಅಧಿಕಾರ ಅದಕ್ಕಿಲ್ಲ.

ಎರಡನೆಯ ನಿಬಂಧನೆಯೂ ಒಂದಿದೆ. ಬಲಗುಂಡಿಯ ಪಟ್ಟಿಯು ಗುಪ್ತವಾದುದು. ಒತ್ತಿ ನೋಡಿದವನಿಗೆ ಮಾತ್ರ ಅದು ಇದೆಯೆಂದು ತಿಳಿಯುತ್ತದೆ. ಆದುದರಿಂದ ಅದರಲ್ಲಿರುವ ಪ್ರತಿಯೊಂದು ಕ್ರಿಯೆಗೂ ಕಣ್ಣಿಗೆ ಕಾಣುವ ಇನ್ನೊಂದು ದಾರಿ ಪುಟದಲ್ಲಿ ಇರಲೇಬೇಕು. ಇದು ಬಲ್ಲವರಿಗೆ ಒಳದಾರಿಯಾಗಬಹುದು. ಎಲ್ಲರಿಗೂ ಇರುವ ಒಂದೇ ದಾರಿಯಾಗಲಾಗದು.

ಈ ಎರಡು ನಿಬಂಧನೆಗಳನ್ನು ಪಾಲಿಸಿ, ಯೋಗ್ಯತೆ, ಆಕಾಂಕ್ಷೆ, ಸನ್ನಿಧಿಗಳಿಗೆ ಲೋಪ ಬಾರದಂತೆ ರಚಿಸಿದ ಸಂದರ್ಭಪಟ್ಟಿಯು ಕನ್ನಡದ ಕೆಲಸಕ್ಕೆ ನಿಜವಾಗಿಯೂ ಉಪಕಾರಕವಾದುದು. ಅಂಥ ಪಟ್ಟಿಗಳನ್ನು ರಚಿಸುವವರು ಕನ್ನಡದಲ್ಲಿ ಇನ್ನೂ ಹೆಚ್ಚಬೇಕು. ಆದರೆ ಪಟ್ಟಿಯನ್ನು ಅಳವಡಿಸುವ ಮುನ್ನ ಅವರು ಪಟ್ಟಿಯಲ್ಲಿ ಏನೇನು ಇರಬೇಕೆಂದು ಯೋಚಿಸುವುದರ ಜೊತೆಗೆ, ಅಲ್ಲಿ ಮೊದಲೇ ಇದ್ದುದು ಏನು, ಅದು ಯಾರ ಕೈಯಿಂದ ಹೋಗುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಪಂಪಮಹಾಕವಿ ರಸ್ತೆಯ ಅಕ್ಷರಜೋಡಣೆಯ ಅಂಗಡಿಯಲ್ಲಿ ಕುಳಿತವರಿಗೂ, ಫೋನಿನಲ್ಲಿ ಹಳಗನ್ನಡದ ಪಾಠವನ್ನು ಓದುವ ವಿದ್ಯಾರ್ಥಿಗೂ, ಕಿವಿಯಿಂದ ಓದುವವರಿಗೂ ಒಂದೇ ಪುಟವು ತೆರೆದುಕೊಳ್ಳುತ್ತದೆ. ಅವರಲ್ಲಿ ಒಬ್ಬರಿಗೆ ಅನುಕೂಲವಾಗುವ ಸಾಲೊಂದು ಉಳಿದಿಬ್ಬರ ಕೈಯಲ್ಲಿದ್ದ ನಿಘಂಟನ್ನು ಕಸಿಯುವಂತಿದ್ದರೆ ಆ ಸಾಲನ್ನು ಬೇರೆಡೆಯಲ್ಲಿ, ಕಣ್ಣಿಗೆ ಕಾಣುವ ಜಾಗದಲ್ಲಿ, ಇಡುವುದೇ ಉಚಿತ.